ಕೈತೋಟ ಪ್ರಶ್ನೋತ್ತರ: ವಸಂತದ ಆರಂಭದಲ್ಲಿ ಡ್ಯಾಫೊಡಿಲ್

ಚಳಿ ಹಿಂದೆಗೆಯುವ ಹೊತ್ತಿಗೆ, ನಡುವೆ ಕಹಳೆಯಂಥ ಬಟ್ಟಲಿರುವ ಹೂ ಬಿಡುವ ಗೆಡ್ಡೆಗಿಡವಾದ ಡ್ಯಾಫೊಡಿಲ್ ಕುರಿತ ಪತ್ರಗಳು ಬರತೊಡಗುತ್ತವೆ. ಈ ಬಾರಿ ಅವುಗಳ ಸಂಖ್ಯೆ ಹೆಚ್ಚಾಗಿರುವುದರಿಂದಲೂ, ಕೇಳಿರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದಕ್ಕೊಂದು ಹೊಂದಿಕೊಂಡಿರುವುದರಿಂದಲೂ ಇಡೀ ಅಂಕಣವನ್ನು ಈ ಒಂದು ಹೂವಿಗೇ ಮೀಸಲಿಟ್ಟಿದ್ದೇನೆ. ಇಲ್ಲಿ ಹೇಳಿರುವ ತಿಂಗಳುಗಳು ಉತ್ತರ ಗೋಳಾರ್ಧಕ್ಕೆ ಸಂಬಂಧಿಸಿದವು. ದಕ್ಷಿಣ ಗೋಳಾರ್ಧದ ಓದುಗರು ಆರು ತಿಂಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ನೆಟ್ಟ ಡ್ಯಾಫೊಡಿಲ್ ಗೆಡ್ಡೆಗಳು ಮೊದಲೆರಡು ವರ್ಷ ಚೆನ್ನಾಗಿ ಹೂಬಿಟ್ಟವು. ಕಳೆದ ವರ್ಷ ಹೂ ಕಡಿಮೆಯಾಯಿತು. ಈ ಸಲ ಎಲೆ ಮಾತ್ರ ದಟ್ಟವಾಗಿ ಬಂದಿದೆ, ಮೊಗ್ಗಿನ ಸುಳಿವೇ ಇಲ್ಲ. ಈಗ ಗೊಬ್ಬರ ಕೊಟ್ಟರೆ ಹೂ ಬರುವುದೇ?

ಉತ್ತರ: ಈ ವಸಂತದಲ್ಲಿ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಹಾಗೆಂದು ಈಗ ಕೊಡುವ ಗೊಬ್ಬರ ವ್ಯರ್ಥವಾಗುವುದಿಲ್ಲ. ಡ್ಯಾಫೊಡಿಲ್ ಅರಳುವುದು ವಸಂತದ ಆರಂಭದಲ್ಲಾದರೂ ಆ ಹೂವು ಹುಟ್ಟುವುದು ಹಿಂದಿನ ವರ್ಷದಲ್ಲಿ. ಹೂ ಬಾಡಿದ ಮೇಲೆ ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರವೆಲ್ಲ ಗೆಡ್ಡೆಗೆ ಇಳಿಯುತ್ತದೆ. ಆ ಸಂಗ್ರಹ ಸಾಕಷ್ಟಾದರೆ ವಸಂತದ ಕೊನೆಯ ಹೊತ್ತಿಗೆ ಗೆಡ್ಡೆಯ ನಡುವೆ ಮುಂದಿನ ವರ್ಷದ ಮೊಗ್ಗು ರೂಪುಗೊಳ್ಳಲು ಆರಂಭಿಸಿ, ಎಲೆಯೆಲ್ಲ ಒಣಗಿ ಗಿಡವೇ ಸತ್ತುಹೋಯಿತೇನೋ ಎನ್ನಿಸುವ ಬೇಸಿಗೆಯ ದಿನಗಳಲ್ಲಿ ಮಣ್ಣಿನೊಳಗೆ ಬೆಳೆಯುತ್ತದೆ. ಶರತ್ಕಾಲದಲ್ಲಿ ದಪ್ಪನೆಯ ಗೆಡ್ಡೆಯೊಂದನ್ನು ಉದ್ದಕ್ಕೆ ಸೀಳಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಹೊರಗೆ ಕಂದು ಬಣ್ಣದ ಒಣ ಸಿಪ್ಪೆ, ಅದರೊಳಗೆ ಈರುಳ್ಳಿಯಲ್ಲಿರುವಂತೆ ಒಂದನ್ನೊಂದು ಸುತ್ತಿಕೊಂಡ ಬಿಳಿಯ ಪದರಗಳು, ತಳದಲ್ಲಿ ಬೇರು ಹೊರಡುವ ಗಟ್ಟಿಯಾದ ಬಿಲ್ಲೆ, ಆ ಬಿಲ್ಲೆಯ ಮೇಲೆ ತಿಳಿಹಳದಿ ಎಲೆಕುಡಿಗಳ ನಡುವೆ ದಳ, ಬಟ್ಟಲು, ಕೇಸರ ಎಲ್ಲವೂ ಮೂಡಿರುವ ಪುಟ್ಟ ಮೊಗ್ಗು. ನಿಮ್ಮ ಗೆಡ್ಡೆಗಳಲ್ಲಿ ಈ ಮೊಗ್ಗು ಕಳೆದ ಬೇಸಿಗೆಯಲ್ಲಿ ಮೂಡಲೇ ಇಲ್ಲ. ಆದ್ದರಿಂದ ಕಾರಣವನ್ನು ಈ ವರ್ಷದ ಆರೈಕೆಯಲ್ಲಿ ಹುಡುಕದೆ ಹಿಂದಿನ ವರ್ಷದ ವಸಂತದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಬೇಕು.

ಮೊದಲೆರಡು ವರ್ಷ ಹೂ ಬಿಟ್ಟು ಆಮೇಲೆ ಕ್ರಮೇಣ ನಿಂತಿದೆ ಎನ್ನುವುದನ್ನು ನೋಡಿದರೆ ಗೆಡ್ಡೆಗಳು ಒತ್ತಾಗಿರುವ ಸಂಭವವೇ ಹೆಚ್ಚು. ಒಂದು ಗೆಡ್ಡೆ ಪ್ರತಿವರ್ಷ ತನ್ನ ಬದಿಗಳಲ್ಲಿ ಮರಿಗೆಡ್ಡೆಗಳನ್ನು ಕಟ್ಟುತ್ತ ಹೋಗುತ್ತದೆ, ಮೂರು ನಾಲ್ಕು ವರ್ಷಗಳಲ್ಲಿ ಒಂದಿದ್ದ ಕಡೆ ದೊಡ್ಡ ಗುಂಪೇ ಆಗಿರುತ್ತದೆ, ನೀರಿಗೂ ಪೋಷಕಾಂಶಕ್ಕೂ ಅವುಗಳ ನಡುವೆಯೇ ಪೈಪೋಟಿ ನಡೆದು ಯಾವ ಗೆಡ್ಡೆಯೂ ಹೂ ಕಟ್ಟುವಷ್ಟು ದಪ್ಪವಾಗುವುದಿಲ್ಲ. ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲನೆ ಸರಿಸಿ ನೋಡಿ. ಎಲೆಗಳು ತೆಳ್ಳಗಿದ್ದು ಒಂದೇ ಹಿಡಿಯಷ್ಟು ಜಾಗದಿಂದ ಹತ್ತಾರು ಒಟ್ಟಿಗೆ ಎದ್ದಿದ್ದರೆ ಇದೇ ಕಾರಣವೆಂದು ತಿಳಿಯಬಹುದು. ಎಲೆ ಹಸಿರಾಗಿರುವಾಗಲೇ ಕತ್ತರಿಸಿದ್ದರೂ, ಹೂ ಬಿಟ್ಟ ನಂತರದ ವಾರಗಳಲ್ಲಿ ಮಣ್ಣು ಒಣಗಿದ್ದರೂ, ಪಕ್ಕದ ಪೊದೆಯೋ ಮರವೋ ಬೆಳೆದು ನೆರಳು ಹೆಚ್ಚಾಗಿದ್ದರೂ, ಗೆಡ್ಡೆಗಳನ್ನು ತೀರ ಮೇಲೆ ನೆಟ್ಟಿದ್ದರೂ ಇದೇ ಫಲ. ಇನ್ನು ಸಾರಜನಕ ಹೆಚ್ಚಿರುವ ಗೊಬ್ಬರವನ್ನು, ಮುಖ್ಯವಾಗಿ ಪಕ್ಕದ ಹುಲ್ಲುಹಾಸಿಗೆ ಹಾಕುವ ಗೊಬ್ಬರವನ್ನು, ಈ ಪಾತಿಗೂ ಎರಚಿದ್ದರೆ ಸೊಂಪಾದ ಎಲೆ ಬಂದು ಹೂ ಬಾರದಿರುವುದಕ್ಕೆ ಅದೂ ಕಾರಣವಾಗಬಲ್ಲದು.

ಈಗ ಮಾಡಬೇಕಾದ ಕೆಲಸ ಇಷ್ಟು. ಹೂ ಬಾರದಿದ್ದರೂ ಎಲೆಗಳನ್ನು ಜೋಪಾನ ಮಾಡಿ, ಮಳೆ ಇಲ್ಲದ ವಾರಗಳಲ್ಲಿ ನೀರು ಬೇರಿನ ಆಳಕ್ಕೆ ಇಳಿಯುವಂತೆ ಕೊಡಿ. ಎಲೆ ಹಳದಿಯಾಗಿ ಒರಗಿದ ಮೇಲೆ, ಆದರೆ ಗೆಡ್ಡೆ ಎಲ್ಲಿದೆಯೆಂಬ ಗುರುತು ಅಳಿಸಿಹೋಗುವ ಮೊದಲು, ತೋಟದ ಕವೆಗೋಲಿನಿಂದ ಗುಂಪನ್ನು ಬುಡಸಹಿತ ಮೇಲೆತ್ತಿ. ಸುಲಭವಾಗಿ ಬಿಡುವ ಮರಿಗಳನ್ನು ಮಾತ್ರ ಬೇರ್ಪಡಿಸಿ. ತಾಯಿಗೆಡ್ಡೆಗೆ ಅಂಟಿಕೊಂಡಿರುವುದನ್ನು ಕಿತ್ತರೆ ತಳದ ಬಿಲ್ಲೆಗೆ ಗಾಯವಾಗಿ ಕೊಳೆ ಹತ್ತುತ್ತದೆ. ಬಳಿಕ ಒಂದೊಂದನ್ನೂ 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ, ಗೆಡ್ಡೆಯ ಎತ್ತರದ ಮೂರರಷ್ಟು ಆಳದ ಕುಳಿಯಲ್ಲಿ ನೆಡಬೇಕು. ಗೆಡ್ಡೆ 5 ಸೆಂಟಿಮೀಟರ್ ಎತ್ತರವಿದ್ದರೆ ಕುಳಿ 15 ಸೆಂಟಿಮೀಟರ್ ಆಳವಿರಬೇಕು ಎಂದು ಲೆಕ್ಕ. ದಪ್ಪ ಗೆಡ್ಡೆಗಳು ಮುಂದಿನ ವಸಂತದಲ್ಲಿಯೇ ಹೂ ಕೊಡಬಹುದು. ಚಿಕ್ಕ ಮರಿಗಳಿಗೆ ಎರಡು ಮೂರು ವರ್ಷ ಬೇಕು.

ಪ್ರಶ್ನೆ: ಶರತ್ಕಾಲದಲ್ಲಿ ಕೊಂಡ ಗೆಡ್ಡೆಗಳನ್ನು ನೆಡಲು ಮರೆತೇಹೋಯಿತು. ಈಗ ಫೆಬ್ರವರಿಯ ಕೊನೆಯಲ್ಲಿ ಚೀಲ ಬಿಚ್ಚಿದರೆ ಕೆಲವು ಮೊಳೆತಿವೆ. ಮುಂದಿನ ಶರತ್ಕಾಲದವರೆಗೆ ಇಟ್ಟುಕೊಳ್ಳಬಹುದೇ?

ಉತ್ತರ: ಇಟ್ಟುಕೊಳ್ಳಬೇಡಿ. ಬೀಜದಂತೆ ವರ್ಷಗಟ್ಟಲೆ ಕಾದಿರುವ ಶಕ್ತಿ ಗೆಡ್ಡೆಗೆ ಇಲ್ಲ. ಚೀಲದೊಳಗೂ ಅದು ಉಸಿರಾಡುತ್ತ, ತನ್ನದೇ ಸಂಗ್ರಹವನ್ನು ತಿನ್ನುತ್ತ ಸೊರಗುತ್ತದೆ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾದುದನ್ನೂ ಬೂಸ್ಟು ಹಿಡಿದು ಒಳಗೆ ಟೊಳ್ಳಾದುದನ್ನೂ ಎಸೆದು, ಗಟ್ಟಿಯಾಗಿರುವುದನ್ನು ಇಂದೇ ನೆಡಿ. ಮೊಳಕೆ ಮುರಿಯದಂತೆ ನೋಡಿಕೊಳ್ಳಬೇಕು. ಅದರ ತುದಿ ಮಣ್ಣಿನಿಂದ ಹೊರಗಿದ್ದರೆ ತೊಂದರೆ ಇಲ್ಲ.

ಈ ವರ್ಷ ಹೂವನ್ನು ನಿರೀಕ್ಷಿಸಬೇಡಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನೆಡಬೇಕು ಎಂದು ಹೇಳುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಚಳಿಗಾಲಕ್ಕೆ ಮುಂಚೆಯೇ ಬೇರು ಇಳಿಯಬೇಕು. ಎರಡನೆಯದು, ಒಳಗಿರುವ ಮೊಗ್ಗು ಹೊರಗೆ ಬರಲು ಸುಮಾರು 12ರಿಂದ 16 ವಾರಗಳ ಕಾಲ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಸಿಗಬೇಕು. ತಂಪು ಸಾಲದಿದ್ದರೆ ಹೂದಂಟು ಉದ್ದವಾಗದೆ, ಮೊಗ್ಗು ತನ್ನ ಕಾಗದದಂಥ ಹೊದಿಕೆಯೊಳಗೇ ಒಣಗುತ್ತದೆ. ನಿಮ್ಮ ಚೀಲ ಹೊರಗಿನ ತಣ್ಣನೆಯ ಕೊಠಡಿಯಲ್ಲಿ ಇದ್ದಿದ್ದರೆ ಆ ತಂಪು ಅಷ್ಟಿಷ್ಟು ಸಿಕ್ಕಿರುತ್ತದೆ, ಆಗ ತಡವಾಗಿ, ಗಿಡ್ಡ ದಂಟಿನ ಮೇಲೆ ಒಂದೆರಡು ಹೂ ಬರಲೂಬಹುದು. ಬೆಚ್ಚಗಿನ ಕೋಣೆಯಲ್ಲಿ ಇದ್ದಿದ್ದರೆ ಎಲೆ ಮಾತ್ರ ಬರುತ್ತದೆ. ಆ ಎಲೆಯೇ ಈಗ ಮುಖ್ಯ. ಅದು ಬೇಸಿಗೆಯವರೆಗೆ ಹಸಿರಾಗಿ ನಿಂತರೆ ಗೆಡ್ಡೆ ಚೇತರಿಸಿಕೊಂಡು ಮುಂದಿನ ವರ್ಷವೋ ಅದರಾಚೆಯ ವರ್ಷವೋ ನಿಮಗೆ ಹೂ ಕೊಡುತ್ತದೆ.

ಈ ವಸಂತದಲ್ಲಿಯೇ ಪಾತಿಯಲ್ಲಿ ಹೂ ಕಾಣಬೇಕೆಂಬ ಆಸೆಯಿದ್ದರೆ ಮೊಗ್ಗು ಬಂದಿರುವ ಕುಂಡದ ಗಿಡಗಳನ್ನು ಕೊಂಡು, ಬೇರಿನ ಉಂಡೆ ಒಡೆಯದಂತೆ ಮಣ್ಣಿಗೆ ಇಳಿಸಬಹುದು. ಕುಂಡಗಳಲ್ಲಿ ಗೆಡ್ಡೆಯನ್ನು ಸಾಮಾನ್ಯವಾಗಿ ಮೇಲುಮೇಲಕ್ಕೆ ನೆಟ್ಟಿರುತ್ತಾರೆ. ಪಾತಿಯಲ್ಲಿ ಸ್ವಲ್ಪ ಆಳಕ್ಕೆ ಕೂರಿಸಿ. ಉಳಿದ ಅಂತರವನ್ನು ಗೆಡ್ಡೆ ತಾನೇ ಸರಿಪಡಿಸಿಕೊಳ್ಳಲು ಯತ್ನಿಸುತ್ತದೆ. ಡ್ಯಾಫೊಡಿಲ್‌ಗೆ ಸಂಕುಚಿಸುವ ಬೇರುಗಳಿವೆ. ಅವು ಮಣ್ಣನ್ನು ಕಚ್ಚಿಕೊಂಡು ಕುಗ್ಗುತ್ತ ಗೆಡ್ಡೆಯನ್ನು ವರ್ಷದಿಂದ ವರ್ಷಕ್ಕೆ ಕೆಳಕ್ಕೆ ಎಳೆಯುತ್ತವೆ. ಸಸ್ಯಗಳ ಇಂಥ ಜಾಣ್ಮೆಯನ್ನು ಎಷ್ಟು ಸಲ ನೋಡಿದರೂ ನನ್ನ ಬೆರಗು ಕಡಿಮೆಯಾಗಿಲ್ಲ.

ಪ್ರಶ್ನೆ: ಮೊಗ್ಗುಗಳು ಬಂದ ಮೇಲೆ ಹಿಮ ಬಿದ್ದು ದಂಟುಗಳೆಲ್ಲ ನೆಲಕ್ಕೆ ಒರಗಿವೆ. ಗಿಡ ಉಳಿಯುವುದೇ? ಹೊದಿಕೆ ಹಾಕಬೇಕಿತ್ತೇ?

ಉತ್ತರ: ಉಳಿಯುತ್ತದೆ. ಕೊರೆವ ಚಳಿಯ ಬೆಳಿಗ್ಗೆ ಬಾಗಿದ ದಂಟುಗಳು ಮಂಜು ಕರಗಿದ ಮೇಲೆ ತಾವಾಗಿಯೇ ಏಳುತ್ತವೆ. ಹೆಪ್ಪುಗಟ್ಟಿರುವಾಗ ಅವನ್ನು ಕೈಯಿಂದ ಎತ್ತಿ ನಿಲ್ಲಿಸಲು ಹೋದರೆ ಮಾತ್ರ ಮುರಿಯುತ್ತವೆ. ವಸಂತದ ಆರಂಭದ ಚಳಿಗೆ ಒಗ್ಗಿದ ಗಿಡ ಇದು, ಹೊದಿಕೆಯ ಅಗತ್ಯವಿಲ್ಲ. ಹಿಮದ ಭಾರಕ್ಕೆ ದಂಟು ಮುರಿದೇ ಹೋಗಿದ್ದರೆ ಕತ್ತರಿಸಿ ಹೂದಾನಿಯಲ್ಲಿ ಇಡಿ, ಮೊಗ್ಗು ಒಳಗೆ ಅರಳುತ್ತದೆ. ಇಷ್ಟಕ್ಕೂ ತಂಪು ಹವೆ ಹೂವಿನ ಆಯಸ್ಸನ್ನು ಹೆಚ್ಚಿಸುತ್ತದೆ. ಮಾರ್ಚ್‌ನಲ್ಲಿ ಒಮ್ಮೆಲೇ ಸೆಕೆ ಏರಿದ ವರ್ಷಗಳಲ್ಲಿಯೇ ಹೂಗಳು ಬೇಗ ಮುಗಿದುಹೋಗುತ್ತವೆ.

ಪ್ರಶ್ನೆ: ಹೂ ಮುಗಿದ ಮೇಲೆ ಒರಗಿದ ಎಲೆಗಳಿಂದ ತೋಟ ಅಸ್ತವ್ಯಸ್ತವಾಗಿ ಕಾಣುತ್ತದೆ. ಕೆಲವರು ಎಲೆಗಳನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಕೆಲವರು ಜಡೆ ಹೆಣೆಯುತ್ತಾರೆ. ಯಾವುದು ಸರಿ? ಹುಲ್ಲುಹಾಸಿನಲ್ಲಿ ನೆಟ್ಟಿರುವವುಗಳ ಗತಿ ಏನು?

ಉತ್ತರ: ಎರಡೂ ಸರಿಯಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಏಕೆಂದರೆ ಹೂ ಬಾರದ ಡ್ಯಾಫೊಡಿಲ್ ಬಗ್ಗೆ ಬರೆಯುವವರಲ್ಲಿ ಅನೇಕರ ತೋಟದಲ್ಲಿ ಹಿಂದಿನ ವರ್ಷ ನಡೆದಿರುವುದು ಇದೇ. ಎಲೆಯ ಇಡೀ ಮೈಗೆ ಬಿಸಿಲು ತಾಗಿದರೆ ಮಾತ್ರ ಆಹಾರ ತಯಾರಾಗುತ್ತದೆ. ಮಡಚಿ ಕಟ್ಟಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ನೆರಳಿಗೆ ಸರಿಯುತ್ತದೆ, ಮಡಿಕೆ ಬಿದ್ದ ಕಡೆ ಎಲೆ ಜಜ್ಜಿಹೋಗಿ ಗೆಡ್ಡೆಯತ್ತ ಆಹಾರ ಸಾಗುವ ದಾರಿಗೂ ಅಡ್ಡಿಯಾಗುತ್ತದೆ. ಹೂ ಬಾಡಿದ ದಿನದಿಂದ ಕನಿಷ್ಠ ಆರು ವಾರ ಎಲೆಗಳನ್ನು ಮುಟ್ಟಬಾರದು. ಅವು ತಾವಾಗಿಯೇ ಹಳದಿಯಾಗಿ, ಮೆಲ್ಲನೆ ಎಳೆದರೆ ಕೈಗೆ ಬರುವಂತಾಗುವವರೆಗೆ ಬಿಟ್ಟರೆ ಇನ್ನೂ ಉತ್ತಮ.

ತೆಗೆಯಬೇಕಾದದ್ದು ಬಾಡಿದ ಹೂವನ್ನು. ಹೂವಿನ ಹಿಂದೆ ಉಬ್ಬಿಕೊಂಡಿರುವ ಹಸಿರು ಗಂಟೇ ಬೀಜದ ಕಾಯಿ. ಅದು ಬಲಿಯಲು ಬಿಟ್ಟರೆ ಗೆಡ್ಡೆಗೆ ಹೋಗಬೇಕಾದ ಶಕ್ತಿಯ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಬೀಜದಿಂದ ಬೆಳೆಸುತ್ತೇನೆಂದರೆ ಹೂ ಕಾಣಲು ಐದಾರು ವರ್ಷ ಕಾಯಬೇಕು, ತಾಯಿಯಂಥದೇ ಹೂ ಬರುವ ಭರವಸೆಯೂ ಇಲ್ಲ. ಆದ್ದರಿಂದ ಬಾಡಿದ ಹೂವನ್ನು ಆ ಗಂಟಿನ ಸಮೇತ ಚಿವುಟಿಹಾಕಿ. ಹಸಿರು ದಂಟನ್ನು ಹಾಗೆಯೇ ಉಳಿಸಿ, ಅದೂ ಎಲೆಯ ಕೆಲಸವನ್ನೇ ಮಾಡುತ್ತದೆ.

ಅಂದಗೆಡುವುದೇ ನಿಮ್ಮ ಚಿಂತೆಯಾದರೆ ಪರಿಹಾರ ಇರುವುದು ನೆಡುವ ಜಾಗದ ಆಯ್ಕೆಯಲ್ಲಿ. ಚಳಿಗಾಲದಲ್ಲಿ ನೆಲದೊಳಗೆ ಅಡಗಿದ್ದು ಏಪ್ರಿಲ್ ಮೇ ತಿಂಗಳಲ್ಲಿ ಎಲೆ ಹರಡುವ ಹೋಸ್ಟಾ, ಡೇಲಿಲಿ, ಜೆರೇನಿಯಂನಂಥ ಬಹುವಾರ್ಷಿಕ ಗಿಡಗಳ ನಡುವೆ ಡ್ಯಾಫೊಡಿಲ್ ನೆಟ್ಟರೆ, ಇದರ ಎಲೆ ಒರಗುವ ಹೊತ್ತಿಗೆ ಅವು ಮೇಲೆದ್ದು ಅದನ್ನು ಮರೆಮಾಡುತ್ತವೆ. ಎಲೆ ಉದುರಿಸುವ ಮರಗಳ ಕೆಳಗೂ ಇದು ಚೆನ್ನಾಗಿ ಬರುತ್ತದೆ, ಏಕೆಂದರೆ ಮರ ಚಿಗುರಿ ನೆರಳು ದಟ್ಟವಾಗುವ ವೇಳೆಗೆ ಡ್ಯಾಫೊಡಿಲ್ ತನ್ನ ಬಹುಪಾಲು ಕೆಲಸವನ್ನು ಮುಗಿಸಿರುತ್ತದೆ. ಮತ್ತೊಂದು ಮಾತು: ಹೂಗಳು ಬಹುಮಟ್ಟಿಗೆ ಬೆಳಕು ಬರುವ ದಿಕ್ಕಿಗೆ ಮುಖ ಮಾಡುತ್ತವೆ. ನೀವು ದಿನವೂ ನಿಂತು ನೋಡುವ ಕಿಟಕಿ ಆ ದಿಕ್ಕಿಗೇ ಇದ್ದರೆ ಹೂವಿನ ಮುಖ ಕಾಣುತ್ತದೆ, ಇಲ್ಲದಿದ್ದರೆ ಬೆನ್ನು ಕಾಣುತ್ತದೆ.

ಹುಲ್ಲುಹಾಸಿಗೂ ಇದೇ ನಿಯಮ. ಹೂ ಮುಗಿದು ಆರು ವಾರ ಆಗುವವರೆಗೆ ಆ ಭಾಗಕ್ಕೆ ಹುಲ್ಲು ಕತ್ತರಿಸುವ ಯಂತ್ರ ಹೋಗಕೂಡದು. ವಾರವಾರವೂ ನುಣುಪಾಗಿ ಕತ್ತರಿಸುವ ಹುಲ್ಲಿನ ನಡುವೆ ಅಲ್ಲಲ್ಲಿ ಒಂದೊಂದು ಗೆಡ್ಡೆ ನೆಡುವುದಕ್ಕಿಂತ, ಅಂಚಿನ ಒಂದು ಪಟ್ಟಿಯನ್ನು ಬೇಸಿಗೆಯವರೆಗೆ ಎತ್ತರ ಬೆಳೆಯಲು ಬಿಟ್ಟು ಅಲ್ಲಿ ಒತ್ತಟ್ಟಿಗೆ ನೆಡುವುದು ಮೇಲು. ಹೀಗೆ ನೆಡಲು ಹಿರಿಗಾತ್ರದ ಹೂಗಳಿಗಿಂತ ಯುರೋಪಿನ ಕಾಡು ಡ್ಯಾಫೊಡಿಲ್ ಆದ ನಾರ್ಸಿಸಸ್ ಸ್ಯೂಡೋನಾರ್ಸಿಸಸ್ ಪ್ರಭೇದ ಚೆನ್ನಾಗಿ ಒಪ್ಪುತ್ತದೆ (ನಾರ್ಸಿಸಸ್ ಎಂಬುದು ಡ್ಯಾಫೊಡಿಲ್ ವಂಶದ ಸಸ್ಯಶಾಸ್ತ್ರೀಯ ಹೆಸರು).

ಪ್ರಶ್ನೆ: ಯಾವ ಗೊಬ್ಬರ, ಯಾವಾಗ, ಎಷ್ಟು?

ಉತ್ತರ: ಹದವಾದ ತೋಟದ ಮಣ್ಣಿನಲ್ಲಿ ಹೆಚ್ಚೇನೂ ಬೇಕಾಗಿಲ್ಲ. ಎಲೆಯ ಮೂತಿ ಮಣ್ಣಿನಿಂದ ಮೇಲೆ ಬಂದಾಗ ಒಮ್ಮೆ, ಹೂ ಮುಗಿಯುತ್ತಿರುವಾಗ ಇನ್ನೊಮ್ಮೆ, ಸಾರಜನಕ ಕಡಿಮೆಯಿದ್ದು ಪೊಟ್ಯಾಷ್ ಹೆಚ್ಚಿರುವ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದಲ್ಲಿ ಕೊಟ್ಟರೆ ಸಾಕು. ಟೊಮೆಟೊ ಗಿಡಗಳಿಗೆಂದು ಮಾರುವ ದ್ರವಗೊಬ್ಬರ ಇದಕ್ಕೂ ಆಗುತ್ತದೆ. ಹಸಿ ಸಗಣಿ ಗೊಬ್ಬರ ಗೆಡ್ಡೆಗೆ ತಾಗಬಾರದು, ಕೊಳೆಗೆ ಅದೇ ಆಹ್ವಾನ. ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ಮೇಲಿನ ಮಣ್ಣಿಗೆ ಸೇರಿಸಬಹುದು. ನೀರು ನಿಲ್ಲುವ ಜೇಡಿಮಣ್ಣಾದರೆ ಗೊಬ್ಬರದ ಯೋಚನೆಗಿಂತ ಮೊದಲು ನೀರು ಬಸಿದುಹೋಗುವ ವ್ಯವಸ್ಥೆ ಆಗಬೇಕು: ಪಾತಿಯನ್ನು ಎತ್ತರಿಸಿ, ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಬೆರೆಸಿ. ಬೆಳೆಯುವ ವಸಂತದಲ್ಲಿ ಧಾರಾಳ ನೀರು, ನಿದ್ರಿಸುವ ಬೇಸಿಗೆಯಲ್ಲಿ ಒಣ ಮಣ್ಣು, ಇದು ಡ್ಯಾಫೊಡಿಲ್‌ನ ಸ್ವಭಾವ. ಈ ವಂಶದ ಪ್ರಭೇದಗಳು ಅತಿ ಹೆಚ್ಚು ಕಾಣಸಿಗುವ ಸ್ಪೇನ್ ಮತ್ತು ಪೋರ್ಚುಗಲ್‌ನ ಬೆಟ್ಟಪ್ರದೇಶಗಳಲ್ಲಿಯೂ ಋತುಗಳು ನಡೆಯುವುದು ಹಾಗೆಯೇ.

ಪ್ರಶ್ನೆ: ಎಲೆಗಳು ಹುಲ್ಲಿನಂತೆ ಸಣಕಲಾಗಿ ಬಂದ ಕಡೆ ಅಗೆದು ನೋಡಿದರೆ ಗೆಡ್ಡೆ ಮೆತ್ತಗಾಗಿತ್ತು, ಒಳಗೆ ಒಂದು ದಪ್ಪ ಹುಳು ಇತ್ತು. ಇದು ಯಾವುದು? ಉಳಿದವುಗಳನ್ನು ಕಾಪಾಡುವುದು ಹೇಗೆ?

ಉತ್ತರ: ನಿಮ್ಮ ವಿವರಣೆ ನಾರ್ಸಿಸಸ್ ನೊಣಕ್ಕೆ ಹೊಂದುತ್ತದೆ. ಮೆರೊಡಾನ್ ಈಕ್ವೆಸ್ಟ್ರಿಸ್ ಎಂಬ ಈ ನೊಣ ನೋಡಲು ರೋಮಭರಿತ ದುಂಬಿಯಂತಿದ್ದು, ಬೇಸಿಗೆಯ ಆರಂಭದ ಬಿಸಿಲಿನ ದಿನಗಳಲ್ಲಿ ಒಣಗುತ್ತಿರುವ ಎಲೆಗಳ ಬುಡದಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿಹುಳು ಮಣ್ಣಿನೊಳಗೆ ಇಳಿದು, ಗೆಡ್ಡೆಯ ತಳದಿಂದ ಒಳಹೊಕ್ಕು, ಮೊಗ್ಗಿರುವ ನಡುಭಾಗವನ್ನೇ ತಿಂದು ಮುಗಿಸುತ್ತದೆ. ಸಾಮಾನ್ಯವಾಗಿ ಒಂದು ಗೆಡ್ಡೆಯಲ್ಲಿ ಒಂದೇ ದಪ್ಪ ಹುಳು ಇರುತ್ತದೆ. ಹಲವಾರು ಸಣ್ಣ ಹುಳುಗಳಿದ್ದರೆ ಅವು ಈಗಾಗಲೇ ಕೊಳೆತ ಗೆಡ್ಡೆಗೆ ಬಂದು ಸೇರಿದ ಬೇರೆ ಜಾತಿಯವು. ಹುಳು ಸಿಕ್ಕ ಗೆಡ್ಡೆಯನ್ನು ನಾಶಮಾಡಿ. ಉಳಿದವುಗಳ ಎಲೆ ಒಣಗುತ್ತಿದ್ದಂತೆ ಬುಡದಲ್ಲಿ ಉಳಿಯುವ ರಂಧ್ರವನ್ನು ಮಣ್ಣಿನಿಂದ ಮುಚ್ಚಿ ಕಾಲಿನಿಂದ ಬಿಗಿಯಾಗಿ ಒತ್ತಿಬಿಡಬೇಕು, ಏಕೆಂದರೆ ನೊಣಕ್ಕೂ ಮರಿಹುಳುವಿಗೂ ಅದೇ ಸುಲಭದ ದಾರಿ. ಗೆಡ್ಡೆಗಳು ಕೆಲವೇ ಇದ್ದರೆ ಆ ವಾರಗಳಲ್ಲಿ ಸಣ್ಣ ಕಣ್ಣಿನ ಬಲೆ ಹೊದಿಸಬಹುದು.

ಹುಳು ಕಾಣದೆ ಗೆಡ್ಡೆ ಮಾತ್ರ ಮೆತ್ತಗಾಗಿದ್ದರೆ ಅಡ್ಡಲಾಗಿ ಕತ್ತರಿಸಿ ನೋಡುವುದು ಅಗತ್ಯ. ಕೆಂಗಂದು ಬಣ್ಣದ ಕೊಳೆ ತಳದ ಬಿಲ್ಲೆಯಿಂದ ಮೇಲಕ್ಕೆ ಹಬ್ಬಿದ್ದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಬುಡಕೊಳೆ. ಬೆಚ್ಚಗಿನ ಮಣ್ಣಿನಲ್ಲಿ ಅದರ ಹಾವಳಿ ಜಾಸ್ತಿ. ಕಂದು ಬಣ್ಣದ ಉಂಗುರಗಳು ಒಂದರೊಳಗೊಂದು ಕಂಡರೆ, ಎಲೆಗಳ ಮೇಲೂ ಹಳದಿ ಗುಳ್ಳೆಗಳಿದ್ದು ಗಿಡ ತಿರುಚಿಕೊಂಡಿದ್ದರೆ, ಅದು ಕಣ್ಣಿಗೆ ಕಾಣದ ಜಂತುಹುಳುವಿನ ಕೆಲಸ. 20ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಡ್ಯಾಫೊಡಿಲ್ ಬೆಳೆಯನ್ನೇ ಅಳಿಸಿಹಾಕುವಂತಿದ್ದ ಪಿಡುಗು ಇದು. ಗೆಡ್ಡೆಗಳನ್ನು ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಮೂರು ಗಂಟೆ ಮುಳುಗಿಸಿಟ್ಟರೆ ಗೆಡ್ಡೆ ಉಳಿದು ಜಂತು ಸಾಯುತ್ತದೆ ಎಂಬುದನ್ನು ಜೇಮ್ಸ್ ಕರ್ಕಮ್ ರ‍್ಯಾಮ್ಸ್‌ಬಾಟಮ್ ಎಂಬ ತರುಣ ವಿಜ್ಞಾನಿ ಮೊದಲ ಮಹಾಯುದ್ಧದ ವರ್ಷಗಳಲ್ಲಿ ವಿಸ್ಲಿಯ ತೋಟದಲ್ಲಿ ತೋರಿಸಿಕೊಟ್ಟರು. ದೊಡ್ಡ ಬೆಳೆಗಾರರು ಬಿಸಿನೀರಿನ ಈ ಕ್ರಮವನ್ನು ಇಂದಿಗೂ ಅನುಸರಿಸುತ್ತಾರೆ. ಮನೆಯಲ್ಲಿ ಅಷ್ಟು ಹೊತ್ತು ಬಿಸಿಯನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವುದು ಕಷ್ಟವಾದ್ದರಿಂದ ರೋಗದ ಗೆಡ್ಡೆಗಳನ್ನು ಕಿತ್ತು ನಾಶಪಡಿಸಿ, ಆ ಜಾಗದಲ್ಲಿ ಕೆಲವು ವರ್ಷ ಡ್ಯಾಫೊಡಿಲ್ ನೆಡದಿರುವುದೇ ಲೇಸು. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ.

ಪ್ರಶ್ನೆ: ನಮ್ಮಲ್ಲಿ ಮಂಜು ಸುರಿಯುವ ಚಳಿಗಾಲವೇ ಇಲ್ಲ. ಡ್ಯಾಫೊಡಿಲ್ ಬೆಳೆಯುವ ಆಸೆಯನ್ನು ಬಿಟ್ಟುಬಿಡಬೇಕೇ?

ಉತ್ತರ: ಹಳದಿ ಕಹಳೆಯ ದೊಡ್ಡ ಡ್ಯಾಫೊಡಿಲ್ ವರ್ಷವರ್ಷವೂ ಅದೇ ಮಣ್ಣಿನಲ್ಲಿ ಹೂ ಕೊಡಬೇಕೆಂಬ ಆಸೆಯನ್ನು ಬಿಡಬೇಕು, ಆದರೆ ಇಡೀ ವಂಶವನ್ನೇ ಕೈಬಿಡಬೇಕಾಗಿಲ್ಲ. ಮೆಡಿಟರೇನಿಯನ್ ತೀರದ ಬೆಚ್ಚಗಿನ ನೆಲೆಗಳಿಂದ ಬಂದ ಪೇಪರ್‌ವೈಟ್, ಅಂದರೆ ನಾರ್ಸಿಸಸ್ ಪಪೈರೇಸಿಯಸ್, ಎಂಬ ಬಿಳಿಹೂವಿನ ಪ್ರಭೇದಕ್ಕೆ ಚಳಿಯ ಅಗತ್ಯವೇ ಇಲ್ಲ. ಒಂದೇ ದಂಟಿನ ಮೇಲೆ ಹಲವು ಸಣ್ಣ ಹೂಗಳು ಗೊಂಚಲಾಗಿ ಬರುತ್ತವೆ, ಕೋಣೆಯನ್ನೆಲ್ಲ ತುಂಬುವಷ್ಟು ಗಾಢವಾದ ಪರಿಮಳವಿದೆ, ನೆಟ್ಟ ನಾಲ್ಕರಿಂದ ಆರು ವಾರಗಳಲ್ಲಿ ಅರಳುತ್ತವೆ. ಮಣ್ಣು ಕೂಡ ಕಡ್ಡಾಯವಲ್ಲ: ಅಗಲವಾದ ಗಾಜಿನ ಬಟ್ಟಲಿನಲ್ಲಿ ಬೆಣಚುಕಲ್ಲು ಹರಡಿ, ಅದರ ನಡುವೆ ಗೆಡ್ಡೆಗಳನ್ನು ಕೂರಿಸಿ, ತಳಕ್ಕೆ ಮಾತ್ರ ತಾಗುವಷ್ಟು ನೀರು ನಿಲ್ಲಿಸಿ. ನೀರು ಅದಕ್ಕಿಂತ ಮೇಲೇರಿದರೆ ಗೆಡ್ಡೆ ಕೊಳೆಯುತ್ತದೆ. ಬೇರು ಬರುವವರೆಗೆ ತಂಪಾದ ಮಬ್ಬು ಬೆಳಕಿನಲ್ಲಿಟ್ಟು ಆಮೇಲೆ ಒಳ್ಳೆಯ ಬೆಳಕಿಗೆ ತನ್ನಿ.

ಬೆಚ್ಚಗಿನ ಕೋಣೆಯಲ್ಲಿ ಇದರ ದಂಟು ವಿಪರೀತ ಉದ್ದವಾಗಿ ಬೀಳುವುದುಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ಉಪಾಯವನ್ನು ಪರೀಕ್ಷಿಸಿ ತೋರಿಸಿದ್ದಾರೆ. ಬೇರು ಬಂದು ಮೊಳಕೆ ಒಂದೆರಡು ಅಂಗುಲ ಬೆಳೆದ ಮೇಲೆ, ಬರೀ ನೀರಿನ ಬದಲು ಶೇಕಡಾ 4ರಿಂದ 6ರಷ್ಟು ಮದ್ಯಸಾರ ಬೆರೆತ ನೀರನ್ನು ಕೊಟ್ಟರೆ ಹೂವಿನ ಗಾತ್ರ ಕುಗ್ಗದೆ, ದಂಟಿನ ಎತ್ತರ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕಡಿಮೆಯಾಗುತ್ತದೆ. ಪ್ರಮಾಣ ಹೆಚ್ಚಾದರೆ ಗಿಡಕ್ಕೆ ಹಾನಿ. ಸಕ್ಕರೆಯಿರುವ ಬಿಯರು, ವೈನುಗಳು ಇದಕ್ಕೆ ಆಗುವುದಿಲ್ಲ.

ಹಳದಿ ಡ್ಯಾಫೊಡಿಲ್ ಒಂದು ಸಲವಾದರೂ ಬೇಕೇ ಬೇಕೆಂದರೆ ಗೆಡ್ಡೆಗಳನ್ನು ಗಾಳಿಯಾಡುವ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ 12ರಿಂದ 16 ವಾರ ಇಟ್ಟು, ವರ್ಷದ ಅತ್ಯಂತ ತಂಪಾದ ದಿನಗಳಲ್ಲಿ ನೆಡಬೇಕು. ಅದೇ ಫ್ರಿಜ್‌ನಲ್ಲಿ ಸೇಬು ಮತ್ತಿತರ ಮಾಗುವ ಹಣ್ಣುಗಳು ಇರಕೂಡದು. ಅವು ಹೊರಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೆಡಿಸುತ್ತದೆ. ಅಡುಗೆ ಪದಾರ್ಥವೆಂದು ಯಾರೂ ತಪ್ಪಾಗಿ ಎತ್ತಿಕೊಳ್ಳದಂತೆ ಚೀಲದ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ. ಇದರ ಕಾರಣವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಕ್ಕಳೂ ನಾಯಿಯೂ ಇರುವುದರಿಂದ ಡ್ಯಾಫೊಡಿಲ್ ನೆಡಲು ಹಿಂಜರಿಯುತ್ತಿದ್ದೇವೆ. ಇದು ವಿಷವೆಂಬುದು ನಿಜವೇ?

ಉತ್ತರ: ನಿಜ. ಗಿಡದ ಎಲ್ಲ ಭಾಗಗಳಲ್ಲೂ, ಅದರಲ್ಲೂ ಗೆಡ್ಡೆಯಲ್ಲಿ, ಲೈಕೊರಿನ್ ಎಂಬ ಸಸ್ಯಕ್ಷಾರ (ಆಲ್ಕಲಾಯ್ಡ್) ಇದೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ ಆಗುತ್ತವೆ. 2009ರಲ್ಲಿ ಇಂಗ್ಲೆಂಡಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಈರುಳ್ಳಿಯೆಂದು ತಪ್ಪು ತಿಳಿದು ಡ್ಯಾಫೊಡಿಲ್ ಗೆಡ್ಡೆಯೊಂದು ಸೂಪಿಗೆ ಸೇರಿ, ಅದನ್ನು ಕುಡಿದ ಮಕ್ಕಳು ಅಸ್ವಸ್ಥರಾಗಿದ್ದರು. ಆದ್ದರಿಂದ ಗೆಡ್ಡೆಗಳನ್ನು ಅಡುಗೆಮನೆಯಲ್ಲಿ ಇಡಬೇಡಿ, ತರಕಾರಿ ಪಾತಿಯ ಪಕ್ಕ ನೆಡಬೇಡಿ. ನೆಲ ಕೆದಕುವ ಚಾಳಿಯ ನಾಯಿ ಇದ್ದರೆ ನೆಟ್ಟ ಜಾಗದ ಮೇಲೆ ತಂತಿಬಲೆಯನ್ನು ಮಣ್ಣಿನಡಿ ಹರಡಬಹುದು, ಮೊಳಕೆ ಅದರ ಕಣ್ಣುಗಳಿಂದ ಮೇಲೆ ಬರುತ್ತದೆ. ಮಗುವೋ ನಾಯಿಯೋ ಗೆಡ್ಡೆ ತಿಂದಿರುವ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರನ್ನು ಅಥವಾ ಪಶುವೈದ್ಯರನ್ನು ಕಾಣಬೇಕು. ದಂಟಿನ ಲೋಳೆರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಕೆಲವರ ಕೈಗೆ ತುರಿಕೆಯೂ ಬರುತ್ತದೆ. ಹೂ ಕೊಯ್ಯುವಾಗ ಕೈಗವಸು ಹಾಕಿಕೊಳ್ಳಿ.

ಇದೇ ವಿಷದಿಂದಾಗಿ ಜಿಂಕೆ, ಅಳಿಲು, ಇಲಿಗಳು ಡ್ಯಾಫೊಡಿಲ್ ಗೆಡ್ಡೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇದೇ ಗಿಡದಲ್ಲಿರುವ ಗ್ಯಾಲಂಟಮಿನ್ ಎಂಬ ಮತ್ತೊಂದು ಸಸ್ಯಕ್ಷಾರವನ್ನು ಆಲ್ಝೈಮರ್ ಕಾಯಿಲೆಯ ಔಷಧಿಯಾಗಿ ಬಳಸುತ್ತಾರೆ. ವೇಲ್ಸ್ ಪ್ರಾಂತ್ಯದ ಬೆಟ್ಟದ ಹೊಲಗಳಲ್ಲಿ ಅದಕ್ಕಾಗಿಯೇ ಡ್ಯಾಫೊಡಿಲ್ ಬೆಳೆಯುತ್ತಾರೆ. ಗಿಡದ ಸ್ವಭಾವವನ್ನು ಮಕ್ಕಳಿಗೆ ವಿವರಿಸಿ, ಜಾಗ ನೋಡಿ ನೆಟ್ಟರೆ ಹಿಂಜರಿಯಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಡ್ಯಾಫೊಡಿಲ್ ಜೊತೆಗೆ ಹೂದಾನಿಯಲ್ಲಿಟ್ಟ ಟ್ಯೂಲಿಪ್‌ಗಳು ಬೇಗನೆ ಬಾಡುವುದೇಕೆ?

ಉತ್ತರ: ಈಗ ಹೇಳಿದ ಲೋಳೆರಸವೇ ಕಾರಣ. ಅದು ನೀರಿಗೆ ಇಳಿದು ಇತರ ಹೂಗಳ ಆಯಸ್ಸನ್ನು ತಗ್ಗಿಸುತ್ತದೆ. ಡ್ಯಾಫೊಡಿಲ್‌ಗಳನ್ನು ಮೊದಲು ಬೇರೆ ಪಾತ್ರೆಯ ನೀರಿನಲ್ಲಿ ಒಂದು ರಾತ್ರಿ ನಿಲ್ಲಿಸಿ, ಆ ನೀರನ್ನು ಚೆಲ್ಲಿ, ದಂಟಿನ ತುದಿಯನ್ನು ಮತ್ತೆ ಕತ್ತರಿಸದೆ ಉಳಿದ ಹೂಗಳ ಜೊತೆ ಸೇರಿಸಿ. ಪುನಃ ಕತ್ತರಿಸಿದರೆ ರಸವೂ ಪುನಃ ಹರಿಯುತ್ತದೆ. ಕೊಯ್ಯಲು ಸರಿಯಾದ ಹಂತವೆಂದರೆ ನೆಟ್ಟಗಿದ್ದ ಮೊಗ್ಗು ಕತ್ತು ಬಾಗಿಸಿ ಪಕ್ಕಕ್ಕೆ ತಿರುಗಿ, ತುದಿಯಲ್ಲಿ ಹಳದಿ ಬಣ್ಣ ತೋರಿಸುವ ಹೊತ್ತು.

ಪ್ರಶ್ನೆ: ಹೂಬಿಟ್ಟ "ಟೆಟ್-ಎ-ಟೆಟ್" ಗಿಡಗಳ ಒಂದು ಕುಂಡ ಉಡುಗೊರೆಯಾಗಿ ಬಂದಿದೆ. ಹೂ ಮುಗಿದ ಮೇಲೆ ಬಿಸಾಡಬೇಕೇ? ಇದರ ಜೊತೆಗೆ ಇನ್ನಾವ ತಳಿಗಳನ್ನು ನೆಟ್ಟರೆ ವಸಂತವಿಡೀ ಹೂ ಸಿಗುತ್ತದೆ?

ಉತ್ತರ: ದಯವಿಟ್ಟು ಬಿಸಾಡಬೇಡಿ. ಒಂದು ಗೇಣಿನಷ್ಟೂ ಎತ್ತರವಿಲ್ಲದ ಈ ಪುಟ್ಟ ತಳಿ ಮನೆತೋಟಕ್ಕೆ ಹೇಳಿ ಮಾಡಿಸಿದಂತಿದೆ. ಗಾಳಿಗೆ ಬೀಳುವುದಿಲ್ಲ, ಒರಗಿದ ಎಲೆಯೂ ಕಣ್ಣಿಗೆ ಚುಚ್ಚುವಷ್ಟಿರುವುದಿಲ್ಲ, ಬೇಗ ಮರಿ ಕಟ್ಟುತ್ತದೆ. ಕುಂಡವನ್ನು ಮನೆಯ ಅತ್ಯಂತ ತಂಪಾದ, ಬೆಳಕಿರುವ ಕಡೆ ಇಟ್ಟರೆ ಹೂ ಹೆಚ್ಚು ದಿನ ನಿಲ್ಲುತ್ತದೆ. ಹೂ ಮುಗಿದ ಮೇಲೆ ಹೊರಗೆ ಬಿಸಿಲಿರುವಲ್ಲಿಟ್ಟು, ಎಲೆ ಹಸಿರಾಗಿರುವಷ್ಟು ದಿನವೂ ನೀರು ಮತ್ತು ಮೇಲೆ ಹೇಳಿದ ದ್ರವಗೊಬ್ಬರವನ್ನು ಕೊಡುತ್ತಿರಿ, ಅಥವಾ ಹಾಗೆಯೇ ಪಾತಿಗೆ ಇಳಿಸಿ. ಒಳಾಂಗಣದಲ್ಲಿ ಅವಧಿಗೆ ಮುನ್ನ ಅರಳಿಸಿದ ಗೆಡ್ಡೆ ದಣಿದಿರುವುದರಿಂದ ಒಂದು ವಸಂತ ಹೂ ಕೊಡದೆ ವಿಶ್ರಮಿಸಬಹುದು.

ತಳಿಗಳ ವಿಷಯಕ್ಕೆ ಬಂದರೆ, ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಡ್ಯಾಫೊಡಿಲ್‌ಗಳನ್ನು ಬಹುಮಟ್ಟಿಗೆ ಹೂವಿನ ಆಕಾರಕ್ಕೆ ಅನುಗುಣವಾಗಿ 13 ವಿಭಾಗಗಳಲ್ಲಿ ಪಟ್ಟಿ ಮಾಡಿದೆ. ಆದರೆ ಮನೆತೋಟದವರು ಆಕಾರಕ್ಕಿಂತ ಅರಳುವ ಕಾಲವನ್ನು ನೋಡಿ ಆರಿಸುವುದು ಹೆಚ್ಚು ಪ್ರಯೋಜನಕರ. "ರೈನ್‌ವೆಲ್ಡ್ಸ್ ಅರ್ಲಿ ಸೆನ್ಸೇಷನ್" ಚಳಿಗಾಲ ಮುಗಿಯುವ ಮೊದಲೇ, ಕೆಲವೆಡೆ ಜನವರಿಯಲ್ಲಿಯೇ ಅರಳುತ್ತದೆ. ಅದರ ಹಿಂದೆ "ಫೆಬ್ರವರಿ ಗೋಲ್ಡ್" ಮತ್ತು ನಿಮ್ಮ "ಟೆಟ್-ಎ-ಟೆಟ್", ನಡುವಸಂತಕ್ಕೆ ಬಿಳಿಯ ದಳಗಳ "ಐಸ್ ಫಾಲೀಸ್", ಒಂದೇ ದಂಟಿನಲ್ಲಿ ಎರಡು ಮೂರು ಅಚ್ಚಬಿಳಿ ಹೂ ಬಿಡುವ "ಥಾಲಿಯಾ", ಎಲ್ಲಕ್ಕೂ ಕೊನೆಯಲ್ಲಿ, ಸಾಧಾರಣವಾಗಿ ಮೇ ತಿಂಗಳಲ್ಲಿ, ಕೆಂಪಂಚಿನ ಪುಟ್ಟ ಬಟ್ಟಲಿನ ಸುಗಂಧಭರಿತ ನಾರ್ಸಿಸಸ್ ಪೊಯೆಟಿಕಸ್. ಎಲ್ಲವನ್ನೂ ಕೊಳ್ಳಲಾಗದಿದ್ದರೆ ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು ಸಾಕು. ಪ್ರತಿಯೊಂದನ್ನೂ ಬೇರೆ ಬೇರೆ ಗುಂಪಾಗಿ ನೆಟ್ಟು ಗುರುತಿನ ಕಡ್ಡಿ ಹಾಕಿ. ಆಗ ಯಾವ ಗುಂಪಿನ ಎಲೆಯನ್ನು ಯಾವಾಗ ತೆಗೆಯಬಹುದು ಎಂಬ ಗೊಂದಲ ಇರುವುದಿಲ್ಲ. ಗೆಡ್ಡೆಗಳು ಅಂಗಡಿಗೆ ಬರುವುದು ಶರತ್ಕಾಲದಲ್ಲಾದ್ದರಿಂದ, ಪಾತಿಯಲ್ಲಿ ಎಲ್ಲೆಲ್ಲಿ ಜಾಗ ಖಾಲಿಯಿದೆ ಎಂಬುದನ್ನು ಹೂಗಳಿರುವ ಈ ದಿನಗಳಲ್ಲಿಯೇ ಒಂದು ಹಾಳೆಯ ಮೇಲೆ ಗುರುತು ಮಾಡಿಟ್ಟುಕೊಳ್ಳಿ.